ದೋಹಾಕ್ಕೆ ಒಂದು ಸಣ್ಣ ಪಾರ್ಸೆಲ್

ಬಜ್ಪೆ

ನನ್ನ ಮೊದಲ ವಿದೇಶ ಪ್ರವಾಸ ಬಜ್ಪೆ ವಿಮಾನ ನಿಲ್ದಾಣದ ಹೊರಗೆ, ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಶುರುವಾಯಿತು. ಸಾಮಾನಿನ ಗಾಡಿ ತಳ್ಳುವವರೆಲ್ಲ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ನನ್ನ ವಿದ್ಯಾರ್ಥಿನಿ ಮಿಸ್ರಿಯಾ ಮಾತ್ರ ಯಾವ ಸಂಕೋಚವೂ ಇಲ್ಲದೆ ನನ್ನ ಸೂಟ್‌ಕೇಸು ತೆರೆದು, ಒಳಗಿದ್ದ ಬಟ್ಟೆಯ ಗಂಟೊಂದನ್ನು ಎತ್ತಿಕೊಂಡು, ಅದರ ಹೊಲಿಗೆ ಬಿಚ್ಚತೊಡಗಿದಳು. ಆ ಗಂಟು ನನ್ನದಲ್ಲ. ಮಂಗಳೂರಿನ ಕದ್ರಿಯಲ್ಲಿ ನಮ್ಮ ಪಕ್ಕದ ಓಣಿಯ ಸದಾಶಿವಣ್ಣ, ದೋಹಾದಲ್ಲಿರುವ ತಂಗಿ ಯಶೋದಾಗೆ ಕೊಡಿ ಎಂದು ಹಿಂದಿನ ಸಂಜೆ ತಂದುಕೊಟ್ಟದ್ದು. ನಾವು ಉಳಿಯಬೇಕಾಗಿದ್ದದ್ದೂ ಆ ತಂಗಿಯ ಮನೆಯಲ್ಲೇ.

"ಏನಮ್ಮ ಇದು, ಬೇರೆಯವರ ಸಾಮಾನು. ನಂಬಿ ಕೊಟ್ಟಿದ್ದಾರೆ" ಅಂದೆ.

"ಅವರು ನಂಬಿ ಕೊಟ್ಟದ್ದು ಮೇಡಂ, ನಾವು ನೋಡಿ ತಗೊಳ್ಳುದು" ಅಂದಳು ಮಿಸ್ರಿಯಾ, ದಾರ ಎಳೆಯುತ್ತ.

ನಾನು ಹಿರಿಯೂರಿನವಳು. ಮಂಗಳೂರಿನ ಕಾಲೇಜೊಂದರಲ್ಲಿ ಅಪರಾಧಶಾಸ್ತ್ರ ಪಾಠ ಮಾಡುತ್ತ ಕರಾವಳಿಯಲ್ಲಿ ವರ್ಷಗಳನ್ನೇ ಕಳೆದಿದ್ದೇನೆ. ಇಲ್ಲಿ ನಾನು ಕಲಿತ ನಿಯಮವೊಂದಿದೆ: ಗಲ್ಫಿಗೆ ಹೊರಟವನ ಪೆಟ್ಟಿಗೆಯಲ್ಲಿ ಅರ್ಧ ಅವನದು, ಅರ್ಧ ಊರಿನದು. ಹೊರಡುವ ಸುದ್ದಿ ಹಬ್ಬಿದರೆ ಸಾಕು, ಒಬ್ಬೊಬ್ಬರೇ ‘ಒಂದು ಸಣ್ಣ ಪಾರ್ಸೆಲ್’ ಹಿಡಿದುಕೊಂಡು ಬರುತ್ತಾರೆ. ಅದು ಯಾವತ್ತೂ ಸಣ್ಣದಿರುವುದಿಲ್ಲ. ಬೇಡ ಅನ್ನುವಂತಿಲ್ಲ. ಒಳಗೇನಿದೆ ಎಂದು ಕೇಳುವುದಂತೂ ದೊಡ್ಡ ಅವಮರ್ಯಾದೆ. ನಮ್ಮ ಮೇಲೆ ಸಂಶಯವಾ ಎಂದು ಜನ್ಮವಿಡೀ ಮಾತು ಬಿಟ್ಟವರಿದ್ದಾರೆ.

ಗಂಟಿನೊಳಗಿಂದ ಹಲಸಿನ ಹಪ್ಪಳ, ಹಲಸಿನ ಬೀಜ ಬೇಯಿಸಿ ಒಣಗಿಸಿದ ಸಾಂತಾಣಿ, ಮಿಡಿ ಉಪ್ಪಿನಕಾಯಿ, ಕೊನೆಗೆ ಒಂದು ಪುಟ್ಟ ಪೊಟ್ಟಣ ಗಸಗಸೆ ಬಂದವು. ಮಿಸ್ರಿಯಾ ಗಸಗಸೆಯನ್ನು ಪಕ್ಕಕ್ಕಿಟ್ಟಳು.

"ಇದು ಅಲ್ಲಿಗೆ ಆಗುದಿಲ್ಲ ಮೇಡಂ."

"ಪಾಯಸದ ಗಸಗಸೆ ಕಣೇ."

"ನಮಗೆ ಪಾಯಸದ್ದು. ಅಲ್ಲಿಯವರಿಗೆ ಅಫೀಮು ಗಿಡದ್ದು."

ಗಸಗಸೆ ಪಾಯಸ ಕುಡಿದು ಮಧ್ಯಾಹ್ನವೆಲ್ಲ ಗೊರಕೆ ಹೊಡೆಯುವ ಬಳಗದಲ್ಲಿ ಹುಟ್ಟಿದ ನನಗೆ ಇದು ಹೊಳೆಯಬೇಕಿತ್ತು. ಹೊಳೆದಿರಲಿಲ್ಲ. ಅಪರಾಧಶಾಸ್ತ್ರದ ಮೇಡಂ ಅಪರಾಧ ಹೊತ್ತುಕೊಂಡೇ ವಿಮಾನ ಹತ್ತುವವರಿದ್ದರು. ಪೊಟ್ಟಣ ನಮ್ಮನ್ನು ಕರೆತಂದ ಟ್ಯಾಕ್ಸಿಯವನ ಪಾಲಾಯಿತು.

ಮಿಸ್ರಿಯಾ ಬಿ.ಸಿ.ರೋಡಿನ ಬಟ್ಟೆ ಅಂಗಡಿಯವರ ಮಗಳು, ಬಿ.ಎ. ಕೊನೆಯ ವರ್ಷ. ಜೈಲಿನಲ್ಲಿರುವವರಿಗೂ ಅವರ ಮನೆಯವರಿಗೂ ನೆರವಾಗುವ ಬೆಂಗಳೂರಿನ ಸಣ್ಣ ಸಂಸ್ಥೆಯೊಂದು ಬೇಸಗೆ ರಜೆಯಲ್ಲಿ ಡಿಗ್ರಿ ಮಕ್ಕಳನ್ನು ಇಂಟರ್ನ್ ಆಗಿ ತೆಗೆದುಕೊಳ್ಳುತ್ತದೆ. ಇಂಟರ್ನ್‌ಶಿಪ್ ಎಂದರೆ ಜೆರಾಕ್ಸ್ ಮಾಡಿಸಿ ಚಹಾ ತರುವುದು ಎಂದೇ ನಾನು ತಿಳಿದಿದ್ದೆ. ಇವರು ಪ್ರತಿಯೊಬ್ಬರಿಗೂ ಒಂದೊಂದು ಪ್ರಶ್ನೆ ಕೊಟ್ಟು ಅಟ್ಟುತ್ತಾರೆ. ಇವಳಿಗೆ ಸಿಕ್ಕಿದ ಪ್ರಶ್ನೆ: ಊರಿನವರು ಕೊಟ್ಟ ಪಾರ್ಸೆಲ್ಲಿನಿಂದಾಗಿ ಗಲ್ಫಿನ ಜೈಲು ಸೇರಿದವರ ಕಥೆ ಎಲ್ಲಿ ಶುರುವಾಗುತ್ತದೆ, ಎಲ್ಲಿ ತಡೆಯಬಹುದಿತ್ತು? ಅವಳ ತಂದೆ ಮಾತ್ರ "ಮೇಡಂ ಹೋಗ್ತಾರಾದ್ರೆ ಹೋಗ್ಲಿ" ಎಂದು ಪಟ್ಟು ಹಿಡಿದರು. ಹಾಗೆ ನಾನೂ ಒಂದು ಪಾರ್ಸೆಲ್ಲಾಗಿಯೇ ದೋಹಾಕ್ಕೆ ಹೊರಟೆ.

ಅಲ್ ಸದ್ದ್

ಯಶೋದಕ್ಕ, ಅವರ ಗಂಡ ಜಯಕರಣ್ಣ ಮತ್ತು ಶಾಲೆಗೆ ಹೋಗುವ ಮಗಳು ಧೃತಿ ದೋಹಾದ ಅಲ್ ಸದ್ದ್ ಬಡಾವಣೆಯ ಒಂದು ಹಳೆಯ ಕಟ್ಟಡದ ಎತ್ತರದ ಮಹಡಿಯಲ್ಲಿದ್ದರು. ಕಿಟಕಿಯಿಂದ ನೋಡಿದರೆ ಮತ್ತೊಬ್ಬರ ಕಿಟಕಿ. ಮನೆಯೊಳಗೆ ತುಳು, ಧೃತಿಯ ಬಾಯಲ್ಲಿ ಇಂಗ್ಲಿಷು, ನನ್ನ ಸಲುವಾಗಿ ಎಲ್ಲರಿಂದಲೂ ಕನ್ನಡ. ಹೊರಗೆ ಕಾಲಿಟ್ಟರೆ ಒಲೆಯ ಬಾಯಿ ತೆರೆದ ಹಾಗೆ ಬಿಸಿ, ಒಳಗೆ ಬಂದರೆ ಏಸಿಗೆ ಶಾಲು ಹೊದ್ದುಕೊಳ್ಳಬೇಕಾದ ಚಳಿ. ನಾನು ಹಿರಿಯೂರಿನ ಬಿಸಿಲು ಕಂಡವಳು ಎಂದು ಜಂಬ ಕೊಚ್ಚಿಕೊಂಡಿದ್ದೆ. ಒಂದು ಬೀದಿ ದಾಟುವಷ್ಟರಲ್ಲಿ ಜಂಬ ಇಳಿಯಿತು.

ಮೊದಲು ಇಷ್ಟವಾದದ್ದು ಲಿಫ್ಟ್. ಯಾರೇ ಒಳಗೆ ಬಂದರೂ ‘ಸಲಾಂ’ ಅನ್ನುತ್ತಾರೆ, ಇದ್ದವರೆಲ್ಲ ತಿರುಗಿ ಹೇಳುತ್ತಾರೆ. ನನಗೆ ಹೇಳಿದ್ದೆಂದು ಗೊತ್ತಾಗದೆ ನಾನು ಹಿಂದೆ ತಿರುಗಿ ನೋಡಿದೆ. ಅಲ್ಲಿ ಕನ್ನಡಿ ಇತ್ತು. ಮಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ ಲಿಫ್ಟ್ ಹತ್ತಿದವರೆಲ್ಲ ಮಹಡಿಯ ನಂಬರನ್ನು ಪರೀಕ್ಷೆಗೆ ಓದುವವರಂತೆ ದಿಟ್ಟಿಸುತ್ತ ನಿಂತಿರುತ್ತಾರೆ. ಎರಡು ಮೂರು ದಿನಗಳಲ್ಲಿ ನಾನೇ ಮುಂದಾಗಿ ಸಲಾಂ ಹೇಳತೊಡಗಿದೆ.

ಇಷ್ಟವಾಗದ್ದು ಆ ಗಂಟಿನ ಸಂಗತಿ. ಪರದೇಶದಲ್ಲಿ ಊರಿನ ಪಾರ್ಸೆಲ್ ಬಿಚ್ಚುವುದೆಂದರೆ ಹಬ್ಬ, ಅಕ್ಕಪಕ್ಕದವರೂ ಬಂದು ಕೂರುತ್ತಾರೆ ಎಂದು ಕೇಳಿದ್ದೆ. ಯಶೋದಕ್ಕ ನನ್ನ ಕೈಯಿಂದ ಗಂಟು ತೆಗೆದುಕೊಂಡವರು ಅದರ ಮುಖವನ್ನೂ ನೋಡದೆ ಬಾಲ್ಕನಿಯ ವಾಷಿಂಗ್ ಮಷಿನ್ ಪಕ್ಕ ಇಟ್ಟು ಬಂದರು.

"ಅಮ್ಮಾ, ಓಪನ್ ಮಾಡುವಾ? ಮಾಮ ಎಂತ ಕಳಿಸಿದ್ದು?" ಎಂದು ಧೃತಿ ಕುಣಿದಳು.

"ಈಗ ಬೇಡ."

ಮರುದಿನವೂ ಅದು ಅಲ್ಲೇ ಇತ್ತು. ಅದರ ಮರುದಿನವೂ. ಉಪ್ಪಿನಕಾಯಿ ಸೋರೀತೆಂದು ನನ್ನೆರಡು ಸೀರೆಗಳನ್ನು ಸುತ್ತಿ ತಂದವಳು ನಾನು. ಮುಖ ಊದಿಸಿಕೊಂಡೆ. ಒಮ್ಮೆ ತಡೆಯಲಾರದೆ, "ಸದಾಶಿವಣ್ಣ ಪ್ರೀತಿಯಿಂದ ಕೊಟ್ಟಿದ್ದು" ಅಂದುಬಿಟ್ಟೆ. ಯಶೋದಕ್ಕ "ಗೊತ್ತುಂಟು ಮೇಡಂ" ಎಂದು ಅಡುಗೆಮನೆಗೆ ಹೋದರು. ಹೋಗುವಾಗ ಎಡಗಾಲನ್ನು ಸ್ವಲ್ಪ ಎಳೆಯುತ್ತಿದ್ದದ್ದು ಆಗ ಕಣ್ಣಿಗೆ ಬಿತ್ತು.

ಹಮದ್ ಬಂದರಿನ ದಾರಿ

ಉಮ್ಮರ್ ಎಂಬವರನ್ನು ಎಲ್ಲರೂ ಗೌರವದಿಂದ ಉಮ್ಮರಾಕ ಎನ್ನುತ್ತಾರೆ. ಉಳ್ಳಾಲದವರು, ಹಮದ್ ಬಂದರಿನಲ್ಲಿ ಹಡಗಿನ ಸರಕು ಬಿಡಿಸುವ ಕೆಲಸ. ಕೆಲಸ ಬಿಟ್ಟ ಮೇಲೆ ಅವರಿಗೆ ಇನ್ನೊಂದು ಕೆಲಸ ಶುರು: ಕೇಸಿನಲ್ಲಿ ಸಿಕ್ಕಿಕೊಂಡ ಊರಿನವರಿಗೆ ವಕೀಲರನ್ನು ಹುಡುಕುವುದು, ಅವರ ಮಾತನ್ನು ಅರಬ್ಬಿಗೆ ತಿರುಗಿಸುವುದು, ಮನೆಗೆ ಫೋನ್ ಮಾಡುವುದು. ಯಶೋದಕ್ಕನ ಮನೆಯಲ್ಲಿ ನಮಗೆ ಕೋಣೆ ಮಾಡಿಸಿಕೊಟ್ಟವರೂ ಅವರೇ. ಅವರಿಗೆ ಬಿಡುವು ಸಿಗುವುದು ಕಾರಿನಲ್ಲಿ ಮಾತ್ರ. ಹಾಗಾಗಿ ಮಿಸ್ರಿಯಾಳ ಸಂಶೋಧನೆಯ ಬಹುಪಾಲು ಬಂದರಿನ ದಾರಿಯಲ್ಲೇ ನಡೆಯಿತು.

ದಾರಿಯಲ್ಲಿ ಅವರು ಒಂದು ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದರು. ಯಾರ ಮೇಲೆ ಸಿಟ್ಟು ಎಂದು ನಾನು ಬೆಚ್ಚಿದೆ. ಅಂಗಡಿಯವನು ತಟ್ಟೆಯಲ್ಲಿ ಕರಕ್ ಚಹಾ ಹಿಡಿದು ಓಡಿಬಂದ. ಇಲ್ಲಿ ಯಾರೂ ಚಹಾಕ್ಕಾಗಿ ಕಾರಿನಿಂದ ಇಳಿಯುವುದಿಲ್ಲವಂತೆ. ಹಾಗೆ ಹಾರ್ನ್ ಹೊಡೆದರೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಚಹಾದ ಬದಲು ಬೇರೆ ಏನಾದರೂ ಸಿಗುತ್ತಿತ್ತು ಎಂದುಕೊಂಡೆ. ಏಲಕ್ಕಿ ಹಾಕಿ ಕುದಿಸಿ ಕುದಿಸಿ ಗಟ್ಟಿಯಾದ ಆ ಚಹಾ ಕುಡಿಯುತ್ತ ಉಮ್ಮರಾಕ ಪ್ರಶಾಂತನ ವಿಷಯ ಹೇಳಿದರು.

ಪ್ರಶಾಂತ ಮೂಡುಬಿದಿರೆ ಕಡೆಯ ಹುಡುಗ, ದೋಹಾದಲ್ಲಿ ಏಸಿ ಮೆಕ್ಯಾನಿಕ್. ರಜೆ ಮುಗಿಸಿ ಬರುವಾಗ ಯಾರೋ ಕೊಟ್ಟ ಗಂಟು ಪೆಟ್ಟಿಗೆಯಲ್ಲಿತ್ತು. ಅದರಲ್ಲಿದ್ದ ಹಪ್ಪಳದ ಕಟ್ಟಿನೊಳಗೆ ಮಾತ್ರೆ. ನಮ್ಮಲ್ಲಿ ಡಾಕ್ಟರ ಚೀಟಿ ತೋರಿಸಿದರೆ ಮೆಡಿಕಲಿನಲ್ಲಿ ಸಿಗುವಂಥದ್ದು, ಇಲ್ಲಿ ಮುಂಚಿತವಾಗಿ ಅನುಮತಿ ಇಲ್ಲದೆ ತರುವಂತಿಲ್ಲದ್ದು. ವಿಮಾನ ನಿಲ್ದಾಣದಲ್ಲಿ ‘ಇದು ಯಾರದ್ದು’ ಎಂದು ಕೇಳಿದಾಗ ಪ್ರಶಾಂತ ‘ನನ್ನದೇ’ ಅಂದುಬಿಟ್ಟ.

"ಯಾಕೆ ಹಾಗಂದ?" ಕೇಳಿದೆ.

"ನಾನೂ ಕೇಳಿದೆ. ಬೇರೆಯವರ ಮನೆ ಹೆಂಗಸಿನ ಹೆಸರು ಪೊಲೀಸರ ಎದುರು ಹೇಗೆ ಹೇಳುದು ಉಮ್ಮರಾಕ ಅಂದ. ಮಾತ್ರೆ ತಾನೇ, ಎರಡು ಬೈದು ಬಿಡ್ತಾರೆ ಅಂತ ಅವನ ಲೆಕ್ಕ. ಆ ಒಂದು ಮಾತು ಹೇಳಿದ, ಖಲಾಸ್. ಕೇಸು ಅವನ ತಲೆಗೆ."

"ಮೂರ್ಖ" ಅಂದೆ. ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

"ಮೂರ್ಖ ಅಲ್ಲ ಮೇಡಂ, ಮರ್ಯಾದಸ್ಥ. ಕೆಲವು ಸಲ ಎರಡೂ ಒಂದೇ ಆಗ್ತದೆ."

ಹಿಂದಿನ ಸೀಟಿನಿಂದ ಮಿಸ್ರಿಯಾ ಕೇಳಿದಳು, "ಅವರಿಗೆ ಯಾವ ಭಾಷೆಯಲ್ಲಿ ಕೇಳಿದ್ದು?" ಅರ್ಧ ಇಂಗ್ಲಿಷು, ಅರ್ಧ ಹಿಂದಿ. ಅವನು ಉತ್ತರಿಸಿದ್ದು ಅವನಿಗೆ ಬಂದಷ್ಟು ಹಿಂದಿಯಲ್ಲಿ. "ತುಳುವಲ್ಲೋ ಕನ್ನಡದಲ್ಲೋ ಕೇಳುವವರಿದ್ದಿದ್ರೆ ಪೂರ್ತಿ ಹೇಳ್ತಿದ್ರಾ?" ಉಮ್ಮರಾಕ ಕನ್ನಡಿಯಲ್ಲಿ ಅವಳನ್ನು ನೋಡಿದರು. ಆಮೇಲೆ, "ಅದು ಯಾರೂ ಕೇಳದ ಪ್ರಶ್ನೆ ಮಗಳೇ" ಅಂದರು. ನನ್ನ ವಿದ್ಯಾರ್ಥಿನಿಯ ಬಗ್ಗೆ ನನಗೆ ಹೆಮ್ಮೆಯೆನಿಸಿತು.

ಪ್ರಶಾಂತನಿಗೆ ಶಿಕ್ಷೆಯಾಗಿತ್ತು. ಮೇಲ್ಮನವಿಯ ವಿಚಾರಣೆ ಹತ್ತಿರ ಬಂದಿತ್ತು. ಮಾತ್ರೆ ಯಾರ ಕಾಯಿಲೆಗೆ ಬಂದದ್ದೋ ಅವರು ಡಾಕ್ಟರ ಚೀಟಿ ಹಿಡಿದು ಮುಂದೆ ಬಂದರೆ ಇದು ಮದ್ದು, ಮಾರಾಟದ ಮಾಲಲ್ಲ ಎಂದು ನ್ಯಾಯಾಲಯಕ್ಕೆ ತೋರಿಸಬಹುದು ಎಂದು ವಕೀಲರು ಹೇಳಿದ್ದರು. ಆದರೆ ಹುಡುಗ ಹೆಸರು ಬಾಯಿಬಿಡುತ್ತಿಲ್ಲ. ‘ಅವರಿಗೆ ಸಣ್ಣ ಮಗು ಉಂಟು’ ಎನ್ನುವುದೊಂದೇ ಮಾತು. ಊರಲ್ಲಿ ಅವನ ತಾಯಿಗೆ, ಮಗ ಮರುಭೂಮಿಯ ಸೈಟಿನಲ್ಲಿದ್ದಾನೆ, ಅಲ್ಲಿ ನೆಟ್‌ವರ್ಕ್ ಇಲ್ಲ ಎಂದು ಹೇಳಿಡಲಾಗಿತ್ತು. ಗಲ್ಫಿನ ಜೈಲುಗಳಿಗೆಲ್ಲ ನಮ್ಮೂರಿನಲ್ಲಿ ಅದೇ ಹೆಸರು.

ಇಲ್ಲಿಯ ಕಾನೂನು ತಿದ್ದಲು ನಾವು ಬಂದವರಲ್ಲ. ಆದರೆ ಪ್ರಶಾಂತನನ್ನು ಹಿಡಿದುಕೊಟ್ಟದ್ದರಲ್ಲಿ ನಮ್ಮ ಮರ್ಯಾದೆಯ ಪಾಲೂ ಇತ್ತು. ಅದನ್ನು ತಿದ್ದಬೇಕಾದವರು ನಾವೇ.

ಅಲ್ ಶಮಾಲ್

ಶುಕ್ರವಾರ ರಜೆ. ನಮಗೆ ಕಡಲು ತೋರಿಸುತ್ತೇನೆಂದು ಜಯಕರಣ್ಣ ಉತ್ತರದ ಅಲ್ ಶಮಾಲಿಗೆ ಕರೆದೊಯ್ದರು. ಕರಾವಳಿಯವರು ಕಡಲು ನೋಡಲು ಅಷ್ಟು ದೂರ ಹೋಗುವುದು ನನಗೆ ನಗು ತರಿಸಿತು. ಅಲ್ಲಿ ಹಳೆಯ ಮೀನುಗಾರರ ಊರೊಂದು ಖಾಲಿ ಬಿದ್ದಿತ್ತು. ಸೂರಿಲ್ಲದ ಗೋಡೆಗಳು, ಬಾಗಿಲಿಲ್ಲದ ಬಾಗಿಲುವಾಡಗಳು. ಕಡಲೂ ಹಾಗೆಯೇ, ಸದ್ದೇ ಇಲ್ಲ. ಉಳ್ಳಾಲದಲ್ಲಿ ಮಾತಾಡಬೇಕಾದರೆ ಅಲೆಯ ಮೇಲೆ ಕೂಗಬೇಕು. ಇಲ್ಲಿ ನೀರು ಬಟ್ಟಲಿನಲ್ಲಿಟ್ಟ ಹಾಗೆ ಸುಮ್ಮನಿತ್ತು. ಜಯಕರಣ್ಣ ಮಗಳ ಜೊತೆ ಕಪ್ಪೆಚಿಪ್ಪು ಹೆಕ್ಕಲು ಹೋದರು. ನಾವು ಮೂವರು ಹೆಂಗಸರು ಒಂದು ಗೋಡೆಯ ನೆರಳಿನಲ್ಲಿ ಕುಳಿತೆವು. ಯಶೋದಕ್ಕ ಪಾದವನ್ನು ತಿಕ್ಕಿಕೊಳ್ಳುತ್ತಿದ್ದರು.

"ತುಂಬ ನೋವುಂಟಾ ಅಕ್ಕ? ಎಂತ ಮದ್ದು ತಗೊಳ್ತೀರಿ?" ಮಿಸ್ರಿಯಾ ಕೇಳಿದಳು. ಕಾಳಜಿಯಿಂದ ಕೇಳಿದ್ದೇ ಹೊರತು ಬೇರೇನೂ ಅವಳ ಮನಸ್ಸಿನಲ್ಲಿರಲಿಲ್ಲ.

"ನರದ್ದು. ಉರಿ. ಮದ್ದು ಮೊದಲು ತಗೊಳ್ತಿದ್ದೆ, ಊರಿನ ಡಾಕ್ಟ್ರು ಕೊಟ್ಟದ್ದು. ಈಗ ಇಲ್ಲ." ಸ್ವಲ್ಪ ತಡೆದು, ಕಡಲನ್ನೇ ನೋಡುತ್ತ ಹೇಳಿದರು, "ಪ್ರಶಾಂತ ತಂದದ್ದು ನನಗೆ. ಆ ಮಾತ್ರೆ ನನಗೆ ಬರ್ಲಿಕ್ಕೆ ಇದ್ದದ್ದು."

ನಾನು ಮಿಸ್ರಿಯಾಳ ಮುಖ ನೋಡಿದೆ.

ಆಮೇಲೆ ಅವರು ನಿಲ್ಲಿಸದೆ ಹೇಳಿದರು. ಮದ್ದು ಮುಗಿದಿದೆ ಎಂದು ಅಣ್ಣನಿಗೆ ಫೋನ್ ಮಾಡಿದ್ದು ಅವರೇ. ಮಾತ್ರೆ ಪುಡಿಯಾಗದಿರಲಿ ಎಂದು ಸದಾಶಿವಣ್ಣ ಹಪ್ಪಳದ ನಡುವೆ ಇಟ್ಟು ಹೊಲಿದದ್ದು. ಪ್ರಶಾಂತ ಬರಲಿಲ್ಲ, ಸುದ್ದಿ ಬಂತು. "ಅಣ್ಣನಿಗೆ ಇವತ್ತಿಗೂ ಗೊತ್ತಿಲ್ಲ. ಪಾರ್ಸೆಲ್ ಸಿಕ್ಕಿತು, ಹಪ್ಪಳ ಒಳ್ಳೆದಿತ್ತು ಅಂತ ಹೇಳಿದ್ದೇನೆ. ಅದಕ್ಕೇ ಮತ್ತೆ ಕಳಿಸಿದ್ದು. ನಿಮ್ಮ ಕೈಯಲ್ಲಿ ಅಂಥದ್ದೇ ಗಂಟು ಕಂಡಾಗ ನನಗೆ ಮುಟ್ಲಿಕ್ಕೆ ಧೈರ್ಯ ಬರಲಿಲ್ಲ."

ಅವರ ಮೇಲೆ ಮುಖ ಊದಿಸಿಕೊಂಡಿದ್ದ ನನಗೆ ನಾಚಿಕೆಯಾಯಿತು. ಅದರ ಬೆನ್ನಿಗೇ ಸಿಟ್ಟೂ ಬಂತು. ಒಬ್ಬ ಹುಡುಗ ಒಳಗಿದ್ದಾನೆ, ಇವರು ಇಲ್ಲಿ ಕಡಲು ನೋಡುತ್ತಿದ್ದಾರೆ. ಉಮ್ಮರಾಕನಿಗೆ ಹೇಳೋಣವೆಂದು ಫೋನಿಗೆ ಕೈ ಹಾಕಿದೆ. ಮಿಸ್ರಿಯಾ ನನ್ನ ಮಣಿಕಟ್ಟು ಹಿಡಿದಳು. ಗಟ್ಟಿಯಾಗಿಯೇ ಹಿಡಿದಳು.

"ಯಶೋದಕ್ಕ," ಅಂದಳು, "ಇದು ನಿಮ್ಮ ಮಾತು. ನೀವು ಹೇಳದೆ ನಾವು ಯಾರಿಗೂ ಹೇಳುದಿಲ್ಲ. ನನ್ನ ವರದಿಯಲ್ಲಿಯೂ ಬರುದಿಲ್ಲ."

ಅಷ್ಟರಲ್ಲಿ ಜಯಕರಣ್ಣ ಹಿಂತಿರುಗಿದ್ದರು. ಹೆಂಡತಿಯ ಮುಖ ನೋಡಿದವರಿಗೆ ಎಲ್ಲವೂ ಅರ್ಥವಾಯಿತು. "ಮೇಡಂ, ನಮ್ಮನ್ನು ಕೆಟ್ಟವರು ಅಂದ್ಕೊಳ್ಬೇಡಿ" ಅಂದರು. "ನಾವು ಇಲ್ಲಿ ಬಾಡಿಗೆ ಮನೆಯಲ್ಲಿ ಇರುವವರಲ್ಲ, ವೀಸಾದಲ್ಲಿ ಇರುವವರು. ಅದು ಹೋದ್ರೆ ಮನೆ, ಕೆಲಸ, ಇವಳ ಶಾಲೆ ಎಲ್ಲ ಒಟ್ಟಿಗೆ ಹೋಗ್ತದೆ." ಅವರ ಅಂಗೈಯಲ್ಲಿ ಮಗಳು ಕೊಟ್ಟ ಚಿಪ್ಪುಗಳಿದ್ದವು. ಅವರನ್ನು ಕೆಟ್ಟವರೆಂದುಕೊಳ್ಳಲು ನನ್ನಿಂದಾಗಲಿಲ್ಲ.

ಮತ್ತೆ ಅಲ್ ಸದ್ದ್

ಆ ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು ಗುರುಶಿಷ್ಯೆಯರಿಬ್ಬರೂ ಪಿಸುಮಾತಿನಲ್ಲಿ ಜಗಳವಾಡಿದೆವು.

"ಹೇಳಿಬಿಟ್ಟರೆ ಮುಗೀತಲ್ಲ, ಒಬ್ಬನ ಬದುಕಿನ ಪ್ರಶ್ನೆ" ಅಂದೆ.

"ನಾವು ಹೇಳಿದ್ರೆ ಯಶೋದಕ್ಕ ಹೆದರಿ ಇಲ್ಲ ಅಂತಾರೆ ಮೇಡಂ. ಆಗ ಪ್ರಶಾಂತಣ್ಣನಿಗೆ ಇದ್ದ ಒಂದು ದಾರಿಯೂ ಮುಚ್ಚಿತು. ಅವರ ಬಾಯಿಂದಲೇ ಬರ್ಬೇಕು. ಒಪ್ಪಿಗೆ ಇಲ್ಲದೆ ಯಾರ ಮಾತನ್ನೂ ಹೊರಗೆ ತರಬಾರದು ಅಂತ ಎರಡನೇ ಸೆಮಿಸ್ಟರಿನಲ್ಲಿ ನೀವೇ ಪಾಠ ಮಾಡಿದ್ದು."

ಹೇಳೋದು ಶಾಸ್ತ್ರ, ಹಾಕೋದು ಗಾಳ ಎಂದು ಮನಸ್ಸಿನಲ್ಲೇ ನನ್ನನ್ನು ಬೈದುಕೊಂಡು ಸುಮ್ಮನಾದೆ.

ಅವಳು ಸುಮ್ಮನೆ ಕೂರಲಿಲ್ಲ. ಅಡುಗೆಮನೆಗೆ ಹೋಗಿ, ಯಶೋದಕ್ಕನ ಜೊತೆ ಬೀನ್ಸ್ ಹೆಚ್ಚುತ್ತ ಒಂದೇ ಪ್ರಶ್ನೆ ಕೇಳಿದಳು: "ಅಕ್ಕ, ನಿಮಗೆ ಭಯ ಯಾವುದಕ್ಕೆ, ಸರಿಯಾಗಿ ಹೇಳಿ. ನಿಮ್ಮ ಹೆಸರು ಎತ್ತದೆ ವಕೀಲರ ಹತ್ರ ಅದನ್ನು ಕೇಳ್ಬಹುದಾ?" ಯಶೋದಕ್ಕ ತುಂಬ ಹೊತ್ತು ಬೀನ್ಸಿನ ನಾರು ತೆಗೆದರು. ಕೊನೆಗೆ, ಕೇಳಬಹುದು ಅಂದರು.

ಭಯಕ್ಕೆ ಹೆಸರಿಟ್ಟರೆ ಅದು ಸ್ವಲ್ಪ ಗಿಡ್ಡವಾಗುತ್ತದೆ ಎಂದು ನಾನು ಅವತ್ತು ಕಂಡೆ. ಅವರಿಗಿದ್ದದ್ದು, ತಾನು ಮುಂದೆ ಬಂದರೆ ಅಲ್ಲೇ ಹಿಡಿದು ಕೂರಿಸುತ್ತಾರೆ ಎಂಬ ಭಯ. ಮಿಸ್ರಿಯಾ ಮರುದಿನ ವಕೀಲರ ಕಚೇರಿಗೆ ಹೋಗಿ ‘ಒಬ್ಬ ರೋಗಿ’ ಎಂದಷ್ಟೇ ಹೇಳಿ ಕೇಳಿಕೊಂಡು ಬಂದಳು. ವಕೀಲರು ಭರವಸೆ ಕೊಡಲಿಲ್ಲ. ಕಾಯಿಲೆ ನಿಜ, ಚೀಟಿ ನಿಜ, ಮಾತ್ರೆ ಕೈಸೇರಲೇ ಇಲ್ಲ; ಇಂಥವರು ತಾವಾಗಿ ಬಂದು ಹೇಳಿದರೆ ಅಪಾಯ ಕಡಿಮೆ, ಇಲ್ಲವೆಂದಲ್ಲ, ಪ್ರತಿ ಹೆಜ್ಜೆಗೂ ತಾನು ಜೊತೆಯಲ್ಲಿರುತ್ತೇನೆ ಅಂದಿದ್ದರು. ಮಿಸ್ರಿಯಾ ಸಿಹಿ ಸೇರಿಸದೆ ಅಷ್ಟನ್ನೇ ಒಪ್ಪಿಸಿದಳು. "ಇಲ್ಲವೆಂದಲ್ಲ" ಎಂಬ ಮಾತನ್ನು ನುಂಗಬಾರದಿತ್ತೇ ಎಂದು ನನಗನ್ನಿಸಿತ್ತು. ನುಂಗದಿದ್ದುದಕ್ಕೇ ಯಶೋದಕ್ಕ ಅವಳನ್ನು ನಂಬಿದರು ಎಂದು ಆಮೇಲೆ ತಿಳಿಯಿತು.

ಒಂದು ಸಂಜೆ ಹೊರಗೆ ಸುತ್ತಿ ಬಂದಾಗ ಬಾಲ್ಕನಿಯ ಗಂಟು ಹಾಲಿನ ನಡುವೆ ಬಿಚ್ಚಿತ್ತು. ಧೃತಿ ಸಾಂತಾಣಿ ಜಗಿಯುತ್ತಿದ್ದಳು. ಯಶೋದಕ್ಕ ಫೋನಿನಲ್ಲಿ ಅಣ್ಣನ ಜೊತೆ ತುಳುವಿನಲ್ಲಿ ಮಾತಾಡುತ್ತಿದ್ದರು. ನನಗೆ ತುಳು ಅಷ್ಟಕ್ಕಷ್ಟೆ. ಆದರೆ ಪ್ರಶಾಂತನ ಹೆಸರು ಬಂದದ್ದು ತಿಳಿಯಿತು. ಆಮೇಲೆ ಆ ಕಡೆಯಿಂದ ಗಂಡಸು ಅಳುವ ಸದ್ದು ಕೇಳಿಸಿತು. ಡಾಕ್ಟರ ಚೀಟಿ ಬೇಕು, ನಾಳೆಯೇ ಹೋಗಿ ತಾ ಎಂದು ಯಶೋದಕ್ಕ ಗಟ್ಟಿ ದನಿಯಲ್ಲಿ ಹೇಳಿ ಫೋನಿಟ್ಟರು.

ಜಯಕರಣ್ಣ ಹಪ್ಪಳದ ಕಟ್ಟನ್ನು ಕೈಯಲ್ಲಿ ತಿರುಗಿಸುತ್ತ ಕುಳಿತಿದ್ದರು. "ವಕೀಲರ ಹತ್ರ ಹೋಗುವ ದಿನ ನಾನು ರಜೆ ಹಾಕ್ತೇನೆ" ಅಂದರು ಹೆಂಡತಿಗೆ. "ನೀನು ಒಬ್ಬಳೇ ಹೋಗುದು ಬೇಡ."

ಆ ರಾತ್ರಿ ಊಟಕ್ಕೆ ಹಪ್ಪಳ ಕರಿದರು. ನಾನು ನಾಚಿಕೆ ಬಿಟ್ಟು ತಿಂದೆ.

ವಕೀಲರ ಕಚೇರಿ

ಊರಿನಿಂದ ಚೀಟಿ ಬಂದು, ಅದು ಅರಬ್ಬಿಗೆ ತರ್ಜುಮೆಯಾಗಿ, ಮೊಹರು ಬಿದ್ದು, ನಾವೆಲ್ಲ ವಕೀಲರ ಮುಂದೆ ಕುಳಿತೆವು. ಉಮ್ಮರಾಕನಿಗೆ ಆಗಷ್ಟೇ ಎಲ್ಲ ತಿಳಿದಿತ್ತು. ಎಷ್ಟೋ ಸಲ ಯಶೋದಕ್ಕನ ಮನೆಯಲ್ಲಿ ಚಹಾ ಕುಡಿದವರು ಅವರು. ಒಂದು ಮಾತೂ ಆಕ್ಷೇಪಿಸದೆ, ಬಾಗಿಲಲ್ಲಿ ಅವರಿಗೆ ದಾರಿ ಬಿಟ್ಟುಕೊಟ್ಟರು.

ವಕೀಲರು ಉದ್ದ ನಿಲುವಂಗಿಯ ಹಿರಿಯರು. ಮಾತಿಗೆ ಮೊದಲು ಖರ್ಜೂರ, ಪುಟಾಣಿ ಬಟ್ಟಲಿನಲ್ಲಿ ಏಲಕ್ಕಿ ಪರಿಮಳದ ಕಾಫಿ. ಖಾಲಿ ಮಾಡಿ ಇಟ್ಟೆ, ಕಚೇರಿಯವನು ತುಂಬಿದ. ಮರ್ಯಾದೆಗೆಂದು ಕುಡಿದೆ, ಮತ್ತೆ ತುಂಬಿದ. ಬಿಡಬಾರದೆಂದು ಕುಡಿಯುತ್ತಲೇ ಹೋದೆ, ಅವನು ತುಂಬುತ್ತಲೇ ಹೋದ. ನನ್ನ ಹಣೆಯಲ್ಲಿ ಬೆವರು ಕಂಡ ಉಮ್ಮರಾಕ ಪಿಸುಗುಟ್ಟಿದರು, "ಬಟ್ಟಲನ್ನು ಸ್ವಲ್ಪ ಅಲ್ಲಾಡಿಸಿ ಕೊಡಿ ಮೇಡಂ, ಸಾಕು ಅಂತ." ಅಲ್ಲಾಡಿಸಿದೆ, ಅವನು ನಕ್ಕು ಹೋದ. ಯಶೋದಕ್ಕನಿಗೂ ನಗು ಬಂತು. ಬೆಳಗಿನಿಂದ ಬಿಗಿದುಕೊಂಡಿದ್ದ ಅವರ ಭುಜ ಆಗ ಇಳಿಯಿತು.

ವಕೀಲರು ಇಂಗ್ಲಿಷಿನಲ್ಲಿ ಕೇಳಿದರು: ಆ ಮಾತ್ರೆ ಯಾರದ್ದು?

ಯಶೋದಕ್ಕನಿಗೆ ಇಂಗ್ಲಿಷು ಬಾರದೆ ಏನಲ್ಲ. ಆದರೂ ತಡವರಿಸಿದರು. ಮಿಸ್ರಿಯಾ ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಕನ್ನಡದಲ್ಲೇ ಹೇಳಿ ಅಕ್ಕ. ಪೂರ್ತಿ ಹೇಳಿ. ಅರಬ್ಬಿ ಮಾಡ್ಲಿಕ್ಕೆ ಉಮ್ಮರಾಕ ಇದ್ದಾರೆ" ಅಂದಳು.

"ಅದು ನನ್ನದು" ಅಂದರು ಯಶೋದಕ್ಕ. "ನನ್ನ ಕಾಲಿನ ಮದ್ದು. ಪ್ರಶಾಂತನಿಗೆ ಒಳಗೆ ಎಂತ ಉಂಟು ಅಂತಲೂ ಗೊತ್ತಿರಲಿಲ್ಲ. ಅವ ನನ್ನ ಮರ್ಯಾದೆ ಉಳಿಸ್ಲಿಕ್ಕೆ ತನ್ನದು ಅಂದ. ನಾನು ಬಾಯಿ ಮುಚ್ಚಿ ಕೂತೆ."

ಉಮ್ಮರಾಕ ಒಂದೊಂದೇ ವಾಕ್ಯವನ್ನು ಅರಬ್ಬಿಗೆ ತಿರುಗಿಸಿದರು. ವಕೀಲರು ಪೆನ್ನು ಕೆಳಗಿಟ್ಟು, ಯಶೋದಕ್ಕನ ಕಡೆ ನೋಡಿ, ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಆ ಸನ್ನೆಗೆ ತರ್ಜುಮೆ ಬೇಕಾಗಲಿಲ್ಲ. ನಾನು ಕಣ್ಣೊರೆಸಿಕೊಂಡೆ, ಮಿಸ್ರಿಯಾ ಬರೆದುಕೊಳ್ಳುವುದನ್ನು ನಿಲ್ಲಿಸಿ ಕಿಟಕಿಯ ಕಡೆ ತಿರುಗಿದಳು.

ಬಜ್ಪೆ, ಮತ್ತೊಮ್ಮೆ

ತೀರ್ಪು ಬರುವ ಮೊದಲೇ ನಾವು ಊರಿಗೆ ಮರಳಿದೆವು. ಯಶೋದಕ್ಕನನ್ನು ಕರೆಸಿ ವಿಚಾರಿಸಿದರಂತೆ, ಅವರು ಗಂಡನ ಜೊತೆ ಹೋಗಿ ಅದನ್ನೇ ಮತ್ತೆ ಹೇಳಿದರಂತೆ, ಸಂಜೆಗೆ ಮನೆಗೆ ಬಂದರಂತೆ. ಅಲ್ಲಿಯದೇ ಡಾಕ್ಟರು ಈಗ ಅವರ ಕಾಲಿಗೆ ಮದ್ದು ಕೊಡುತ್ತಿದ್ದಾರೆ. ಇಷ್ಟನ್ನೂ ಉಮ್ಮರಾಕ ಫೋನಿನಲ್ಲಿ ಹೇಳಿದರು.

ಮಿಸ್ರಿಯಾಳ ವರದಿಯನ್ನು ಬೆಂಗಳೂರಿನ ಸಂಸ್ಥೆ ಕೈಗೆತ್ತಿಕೊಂಡಿತು. ಯಶೋದಕ್ಕನ ಹೆಸರು ಅದರಲ್ಲಿಲ್ಲ. ಕಥೆ ಇದೆ, ಅವರ ಒಪ್ಪಿಗೆ ಪಡೆದು. ಕೊನೆಯಲ್ಲಿ ಅವಳ ಬೇಡಿಕೆಗಳು: ಸಿಕ್ಕಿಬಿದ್ದವರಿಗೆ ಮೊದಲ ದಿನವೇ ಅವರ ಮಾತು ಬಲ್ಲವರು ಸಿಗಬೇಕು, ಮನೆಯವರಿಗೆ ನಿಜ ಹೇಳಬೇಕು, ಊರಿನಲ್ಲಿ ಪಾರ್ಸೆಲ್ ಕೊಡುವವರೇ ಹೊರುವವರ ಮುಂದೆ ಬಿಚ್ಚಿ ತೋರಿಸಬೇಕು. ಮೊದಲ ಎರಡಕ್ಕೆ ಅರ್ಜಿಗಳು ಓಡಾಡುತ್ತಿವೆ. ಮೂರನೆಯದಕ್ಕೆ ಅರ್ಜಿ ಬೇಕಿಲ್ಲವೆಂದು ಅವಳೂ ಅವಳ ಗೆಳತಿಯರೂ ಮಸೀದಿ, ಭಜನಾ ಮಂದಿರ, ಯುವಕ ಮಂಡಲ ಎಂದು ಸುತ್ತುತ್ತಿದ್ದಾರೆ. ಸದಾಶಿವಣ್ಣ ಕರೆದಲ್ಲೆಲ್ಲ ಬಂದು, ತನ್ನ ಹೊಲಿಗೆಯ ಕಥೆಯನ್ನು ತಾನೇ ಹೇಳುತ್ತಾರೆ.

ಮಳೆಗಾಲ ಮುಗಿಯುತ್ತ ಬಂದಾಗ ಪ್ರಶಾಂತನ ಶಿಕ್ಷೆ ಕಡಿಮೆಯಾಯಿತು, ಒಳಗಿದ್ದಷ್ಟೇ ಸಾಕೆಂದು ಊರಿಗೆ ಕಳಿಸುತ್ತಾರೆಂದು ಸುದ್ದಿ ಬಂತು. ಅವನು ಮತ್ತೆ ಕತಾರಿಗೆ ಹೋಗುವಂತಿಲ್ಲ. ಅದು ಸಣ್ಣ ನಷ್ಟವಲ್ಲ, ಆ ಮನೆ ನಡೆಯುತ್ತಿದ್ದದ್ದು ಅವನ ಕೆಲಸದಿಂದ. ಆದರೂ ಅವನ ತಾಯಿಯನ್ನು ಕರೆದುಕೊಂಡು ನಾವು ಬಜ್ಪೆಗೆ ಹೋದ ದಿನ ನಮಗೆ ಸಂತೋಷವೇ ಆಗಿತ್ತು. ಆ ತಾಯಿಗೆ ಆ ಹೊತ್ತಿಗೆ ಎಲ್ಲ ಗೊತ್ತಿತ್ತು. "ನೆಟ್‌ವರ್ಕ್ ಇಲ್ಲ ಅಂದಾಗಲೇ ನನಗೆ ಗೊತ್ತಾಗಿತ್ತು" ಎಂದು ದಾರಿಯಲ್ಲಿ ಹೇಳಿದರು.

ಅವನು ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಹೊರಗೆ ಬಂದ. ಸಪೂರದ ಹುಡುಗ, ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವನು. ತಾಯಿ ಅವನ ಕೆನ್ನೆ, ಕೈ, ಬೆನ್ನು ಎಲ್ಲ ಮುಟ್ಟಿ ನೋಡಿದರು. ಇಬ್ಬರೂ ಅತ್ತರು. ನಾವು ದೂರದಲ್ಲಿ ನಿಂತಿದ್ದೆವು.

ಕಾರಿನ ಕಡೆ ಹೊರಟಾಗ, ಹೊರಡುವವರ ಬಾಗಿಲ ಬಳಿ ಒಬ್ಬರು ಹಿರಿಯರು ಯಾರದೋ ಮಗನ ಕೈಗೆ ಹೊಲಿದ ಗಂಟೊಂದನ್ನು ತುರುಕುತ್ತಿದ್ದರು. "ಸಣ್ಣ ಪಾರ್ಸೆಲ್ ಮಾರಾಯ, ದೋಹಾದಲ್ಲಿ ನಮ್ಮವ ಬಂದು ತಗೊಳ್ತಾನೆ." ಹೊರಟವನು ಬೇಡವೆನ್ನಲಾರದೆ ಹಲ್ಲು ಬಿಡುತ್ತಿದ್ದ. ಮಿಸ್ರಿಯಾ ಆ ಕಡೆ ಹೆಜ್ಜೆ ಇಟ್ಟಳು. ಅವಳಿಗಿಂತ ಮೊದಲು ಪ್ರಶಾಂತ ಹೋಗಿದ್ದ.

"ಬೇಜಾರ ಮಾಡ್ಬೇಡಿ," ಅಂದ ಆ ಹಿರಿಯರಿಗೆ, "ಒಮ್ಮೆ ಬಿಚ್ಚಿ. ಒಟ್ಟಿಗೆ ನೋಡುವ."

ಹಿರಿಯರ ಮುಖ ಕೆಂಪಾಯಿತು. "ಎಂತ, ನನ್ನ ಮೇಲೆ ಸಂಶಯವಾ ನಿನಗೆ?"

"ಇಲ್ಲ. ನಾನೂ ಸಂಶಯ ಮಾಡದೆ ತಗೊಂಡು ಹೋದವ. ಈಗ ಅಲ್ಲಿಂದಲೇ ಬಂದದ್ದು."

ಹಿರಿಯರು ಅವನ ಕೈಯ ಪ್ಲಾಸ್ಟಿಕ್ ಚೀಲವನ್ನೂ ಹಿಂದೆ ನಿಂತಿದ್ದ ತಾಯಿಯನ್ನೂ ನೋಡಿದರು. ಏನು ತಿಳಿಯಿತೋ, ಗಂಟನ್ನು ನೆಲಕ್ಕಿಟ್ಟು ಹೊಲಿಗೆ ಎಳೆದರು. ಪ್ರಶಾಂತ ಅವರೆದುರು ಕುಕ್ಕರುಗಾಲಲ್ಲಿ ಕುಳಿತು ಒಂದೊಂದನ್ನೇ ಎತ್ತಿ ನೋಡಿದ. ಹಪ್ಪಳ, ಒಣಮೀನು, ಮಗುವಿನ ಒಂದು ಜೊತೆ ಸಾಕ್ಸ್. ಹಪ್ಪಳದ ಕಟ್ಟನ್ನೂ ಬಿಡಿಸಿ ನೋಡಿ, ಮೊದಲಿದ್ದ ಹಾಗೆಯೇ ಕಟ್ಟಿದ. ಆಮೇಲೆ ಎಲ್ಲವನ್ನೂ ಗಂಟಿನಲ್ಲಿಟ್ಟು, ಹೊರಟವನ ಕೈಗೆ ತಾನೇ ಎತ್ತಿ ಕೊಟ್ಟ.

"ಇನ್ನು ತಗೊಂಡು ಹೋಗು" ಅಂದ.